ವ್ಯಾಲರಂಟ್‌ನಲ್ಲಿ ಬೈಗುಳ ಶುರುವಾದಾಗ

ತಂಡವಾಗಿ ಆನ್‌ಲೈನ್‌ನಲ್ಲಿ ಆಡುವ ಶೂಟಿಂಗ್ ಆಟ ವ್ಯಾಲರಂಟ್‌ನ ಪಂದ್ಯದಲ್ಲಿ ನಿಮ್ಮ ತಂಡದವನೇ ಬಾಯಿಗೆ ಬಂದಂತೆ ಬೈಯತೊಡಗಿದರೆ ಉತ್ತರ ಕೊಡದೆ ಮ್ಯೂಟ್ ಮಾಡಿ. ಎಸ್ಕೇಪ್ ಒತ್ತಿ ಆಟಗಾರರ ಪಟ್ಟಿ ತೆರೆದರೆ ಒಬ್ಬೊಬ್ಬರ ಧ್ವನಿ, ಚಾಟ್ ಎರಡನ್ನೂ ಬೇರೆಬೇರೆಯಾಗಿ ಆಫ್ ಮಾಡಬಹುದು. ಧ್ವನಿಯನ್ನಷ್ಟೇ ಮುಚ್ಚಿದರೆ ಅದೇ ಬೈಗುಳ ಚಾಟ್‌ಗೆ ಬಂದು ಕೂರುತ್ತದೆ. ಮ್ಯೂಟ್ ಮಾಡುತ್ತಿದ್ದೀನಿ ಅಂತ ಸಾರಲೂ ಬೇಡಿ. ಸಿಟ್ಟಿಗೆದ್ದವನು ಆಟದಲ್ಲಿ ಬೇಕೆಂದೇ ಸಾಯುವುದು ಶುರುಮಾಡಬಹುದು. ಎದುರಾಳಿ ಎಲ್ಲಿದ್ದಾನೆಂದು ತಿಳಿಸಲು ಪಿಂಗ್, ಅಂದರೆ ಮ್ಯಾಪ್ ಮೇಲೆ ಗುರುತು ಹಾಕುವುದು, ಸಾಕು.

ತಿರುಗಿ ಬೈದರೆ ನಿಮ್ಮ ಮೇಲೂ ರಿಪೋರ್ಟ್ ಬೀಳುತ್ತದೆ. ಬೇಸತ್ತು ಪಂದ್ಯ ಬಿಟ್ಟರೆ ಎಎಫ್‌ಕೆ (ಆಟದ ನಡುವೆ ಎದ್ದುಹೋಗುವುದು) ದಂಡವೂ ನಿಮಗೇ. ಇದು ಅನ್ಯಾಯವೇ ಸರಿ, ಆದರೆ ನೀವು ಯಾಕೆ ಹೊರಟಿರಿ ಎಂಬುದು ವ್ಯವಸ್ಥೆಗೆ ಕಾಣುವುದಿಲ್ಲ.

ರಿಪೋರ್ಟ್ ಮಾಡುವಾಗ ಸಿಟ್ಟಿನಲ್ಲಿ 'ಚೀಟಿಂಗ್' ಆಯ್ಕೆ ಒತ್ತುವವರು ಬಹಳ. ಅದು ಹ್ಯಾಕ್ ಬಳಸುವವರಿಗೆ ಮೀಸಲು. ಬೈಗುಳ, ದ್ವೇಷದ ಮಾತು, ಬೆದರಿಕೆ, ಬೇಕೆಂದೇ ಆಟ ಕೆಡಿಸುವುದು, ಇವಕ್ಕೆ ಬೇರೆಬೇರೆ ಆಯ್ಕೆಗಳಿವೆ; ನಡೆದದ್ದು ಯಾವುದೋ ಅದನ್ನೇ ಆರಿಸಿ.

ಆಟದ ವ್ಯವಸ್ಥೆಗೆ ನಮ್ಮ ಭಾಷೆಗಳ ಬೈಗುಳ ಹಿಡಿಯುವುದು ಕಷ್ಟ. ಮೈಕಿನ ಬೈಗುಳ ಪತ್ತೆಹಚ್ಚಲು ಬೇಕಾದ ಧ್ವನಿ ಮಾದರಿಗಳನ್ನು ಈ ಆಟ ತಯಾರಿಸಿದ ರಯಟ್ ಕಂಪನಿ 2022ರ ಜುಲೈನಲ್ಲಿ ಸಂಗ್ರಹಿಸಲು ಶುರುಮಾಡಿದ್ದೇ ಉತ್ತರ ಅಮೆರಿಕದಲ್ಲಿ, ಇಂಗ್ಲಿಷ್‌ನಲ್ಲಿ. ಚಾಟ್‌ನಲ್ಲೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಂದೇ ಬೈಗುಳಕ್ಕೆ ನಾಲ್ಕಾರು ಸ್ಪೆಲಿಂಗ್. ಅದಕ್ಕೇ ಸೆಟ್ಟಿಂಗ್ಸ್‌ನಲ್ಲಿ ಬೇಡದ ಪದಗಳನ್ನು ಮರೆಮಾಡುವ ಮ್ಯೂಟೆಡ್ ವರ್ಡ್ಸ್ ಪಟ್ಟಿಗೆ ಪ್ರತಿ ಸ್ಪೆಲಿಂಗನ್ನೂ ಒಂದೊಂದಾಗಿ ಸೇರಿಸಿ.

ಹೆಣ್ಣುಮಕ್ಕಳು ಮೈಕ್ ಆನ್ ಮಾಡಿದ ತಕ್ಷಣ ಕೀಳು ಮಾತು ಶುರುವಾಗುವುದುಂಟು. ತಪ್ಪು ಮೈಕಿನದಲ್ಲ, ಬೈಯುವವನದು. ಆದರೂ ಅಪರಿಚಿತರ ಜೊತೆ ಆಡುವಾಗ ಟೀಮ್ ವಾಯ್ಸ್ ಆಫ್ ಮಾಡಿ, ನೀವೇ ಕಟ್ಟಿಕೊಂಡ ಗುಂಪಿಗಷ್ಟೇ (ಪಾರ್ಟಿ) ಕೇಳುವ ಪಾರ್ಟಿ ವಾಯ್ಸ್ ಮಾತ್ರ ಇಟ್ಟುಕೊಂಡರೆ ಗೆಳತಿಯರೊಡನೆ ನೆಮ್ಮದಿಯಾಗಿ ಆಡಬಹುದು. ಇನ್‌ಸ್ಟಾಗ್ರಾಮ್ ಹೆಸರನ್ನೇ ಆಟದ ಐಡಿಗೆ ಇಡಬೇಡಿ. ಪಾರ್ಟಿಯ ಹೊರಗಿನವರಿಗೆ ಹೆಸರು ಕಾಣದಂತೆ ಮಾಡುವ ಆಯ್ಕೆಯನ್ನೂ ಆನ್ ಮಾಡಿ. ಪಂದ್ಯದ ಬೆನ್ನಲ್ಲೇ ಬರುವ ಫ್ರೆಂಡ್ ರಿಕ್ವೆಸ್ಟ್ ಒಪ್ಪಿಕೊಳ್ಳಬೇಡಿ, ಎಷ್ಟೋ ಸಲ ಅದು ಬೈಗುಳ ಮುಂದುವರಿಸುವ ದಾರಿ.

ಕೊಲೆ, ಅತ್ಯಾಚಾರದ ಬೆದರಿಕೆ ಬಂದರೆ ಮ್ಯೂಟ್ ಮಾಡುವ ಮೊದಲೇ ಸ್ಕ್ರೀನ್ ರೆಕಾರ್ಡ್ ಮಾಡಿ. ಹೆಸರಿನ ಜೊತೆ ಹ್ಯಾಶ್ (#) ಗುರುತಿನ ನಂತರ ಬರುವ ಟ್ಯಾಗ್ ಕೂಡ ಬರೆದಿಡಿ, ಯಾಕೆಂದರೆ ಒಂದೇ ಹೆಸರಿನವರು ಅನೇಕರಿರುತ್ತಾರೆ. ದಿನಾಂಕ, ಹೊತ್ತು, ಮ್ಯಾಪ್ ಗುರುತಿಸಿಕೊಳ್ಳಿ. ಆಟದೊಳಗೆ ರಿಪೋರ್ಟ್ ಮಾಡಿ, ಜೊತೆಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಿ. ವಿಡಿಯೊ ಕತ್ತರಿಸದೆ, ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಕುಗ್ಗಿಸದೆ, ಮೂಲ ಫೈಲನ್ನೇ ಉಳಿಸಿಕೊಳ್ಳಿ.