ಚೆಂಡೆ ಕೇಳುತ್ತಾ ಕೂತರೆ ಕ್ಯಾಲೊರಿ ಕರಗುತ್ತದಾ?

ಉಡುಪಿಯ ಓದುಗರೊಬ್ಬರ ಪ್ರಶ್ನೆ: "ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದರೆ ಬೆಳಿಗ್ಗೆ ವಿಪರೀತ ಹಸಿವು. ಸುಮ್ನೆ ಕೂತು ಚೆಂಡೆ, ಮದ್ದಳೆ ಕೇಳಿದರೂ ಮೈಯ ಶಕ್ತಿ ಖರ್ಚಾಗುತ್ತದಾ?"

ಖರ್ಚಾಗುತ್ತದೆ. ಆದರೆ ಅದರಲ್ಲಿ ಚೆಂಡೆಯ ಪಾಲು ತೀರಾ ಸಣ್ಣದು.

ನಾವು ಏನೂ ಮಾಡದೆ ಬಿದ್ದುಕೊಂಡಿದ್ದರೂ ಹೃದಯ, ಮೆದುಳು, ಲಿವರ್, ಕಿಡ್ನಿ ದುಡಿಯುತ್ತಲೇ ಇರುತ್ತವೆ. 60 ಕಿಲೊ ತೂಕದವರಿಗೆ ಇದಕ್ಕೇ ಗಂಟೆಗೆ ಸುಮಾರು 60 ಕ್ಯಾಲೊರಿ ಬೇಕು. ಇದನ್ನು ಅಳೆಯುವುದು ಉಸಿರಿನಿಂದ. ಎಷ್ಟು ಆಮ್ಲಜನಕ ಒಳಗೆ ಹೋಯಿತು, ಎಷ್ಟು ಕಾರ್ಬನ್ ಡೈಆಕ್ಸೈಡ್ ಹೊರಗೆ ಬಂತು ಎಂದು ನೋಡಿ ಲೆಕ್ಕ ಹಾಕುತ್ತಾರೆ. ಅಮೆರಿಕದಲ್ಲಿ ಹೀಗೆ ಅಳೆಯುವಾಗಲೇ ಜನರಿಗೆ ಸಂಗೀತ ಕೇಳಿಸಿ ನೋಡಿದ್ದಾರೆ, ಓದಲೂ ಕೊಟ್ಟಿದ್ದಾರೆ. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಂಗೀತದಿಂದ ಖರ್ಚು ಏರಿದ್ದು ಗಂಟೆಗೆ ಒಂದೆರಡು ಕ್ಯಾಲೊರಿಯಷ್ಟೇ. ಓದಿನಿಂದ ಏರಿದ್ದು ಅದಕ್ಕಿಂತ ಜಾಸ್ತಿ! ಆಟದ ನಡುವೆ ತಿನ್ನುವ ಗೋಳಿಬಜೆಯ ಒಂದು ಗ್ರಾಂ ಎಣ್ಣೆಯಲ್ಲೇ 9 ಕ್ಯಾಲೊರಿ ಇದೆ.

ಹಾಗಾದರೆ ಚೆಂಡೆ ಏರಿದಾಗ ಎದೆ ಡವಡವ ಅನ್ನುವುದು ಸುಳ್ಳಾ? ಖಂಡಿತ ಅಲ್ಲ. ಇಟಲಿಯ ಸಂಶೋಧಕ ಲುಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು ಬೇರೆ ಬೇರೆ ಬಗೆಯ ಸಂಗೀತ ಕೇಳಿಸಿ 2006ರಲ್ಲಿ ಇದನ್ನು ತೋರಿಸಿದರು. ಅದರಲ್ಲಿ ನಮ್ಮ ಸಿತಾರ್ ಕೂಡ ಇತ್ತು. ಲಯ ಚುರುಕಾದಂತೆ ಉಸಿರಾಟ, ಎದೆಬಡಿತ, ಬಿಪಿ ಏರಿದವು. ನನಗೆ ತುಂಬ ಹಿಡಿಸಿದ್ದು ಮುಂದಿನ ಸಂಗತಿ. ನಡುವೆ 2 ನಿಮಿಷ ಸಂಗೀತ ನಿಲ್ಲಿಸಿದಾಗ ಇವೆಲ್ಲ ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗಿಳಿದವು. ಬಾರಿಸುವಾಗ ಬಿಡುವ ಜಾಗಕ್ಕೂ ದೇಹ ಸ್ಪಂದಿಸುತ್ತದೆ ಅಂತಾಯಿತಲ್ವಾ?

ಎದೆಬಡಿತ ಒಂದಿಷ್ಟು ಏರಿದ ಮಾತ್ರಕ್ಕೆ ಒಟ್ಟು ಖರ್ಚು ದೊಡ್ಡದಾಗುವುದಿಲ್ಲ. ಅದು ನಿಜವಾಗಿ ಏರುವುದು ಸ್ನಾಯುಗಳು ದುಡಿದಾಗ. ಹುಲಿವೇಷದ ತಾಸೆ ಪೆಟ್ಟು ಬಿದ್ದರೆ ಮಂಗಳೂರಿನಲ್ಲಿ ಯಾರ ಕಾಲು ಸುಮ್ನಿರುತ್ತದೆ ಹೇಳಿ? ಕಾಲು ಆಡತೊಡಗಿತೆಂದರೆ ಅದು ವಿಶ್ರಾಂತಿಯಲ್ಲ, ಲೆಕ್ಕವೇ ಬೇರೆ.

ನಿಮ್ಮ ಬೆಳಗಿನ ಹಸಿವಿಗೆ ಮುಖ್ಯ ಕಾರಣ ನಿದ್ದೆಗೆಟ್ಟದ್ದು. ನಿದ್ದೆಯಲ್ಲಿ ದೇಹದ ಖರ್ಚು ಇಳಿಯುತ್ತದೆ. ಎಚ್ಚರವಿದ್ದರೆ ಆ ಉಳಿತಾಯವಿಲ್ಲ. ಜತೆಗೆ ನಿದ್ದೆ ಕಡಿಮೆಯಾದರೆ ತಿನ್ನುವ ಆಸೆಯೂ ಜಾಸ್ತಿಯಾಗುತ್ತದೆ.

ಒಂದು ಮಾತು ನೆನಪಿರಲಿ. ಯಾವತ್ತಾದರೂ ಈ ಉಸಿರಿನ ಪರೀಕ್ಷೆ ಮಾಡಿಸಿಕೊಳ್ಳಲು ಹೋದರೆ ಇಯರ್‌ಫೋನ್ ತೆಗೆದಿಡಿ, ಮೊಬೈಲ್ ಓದಬೇಡಿ. ಇಲ್ಲದಿದ್ದರೆ ನಿಮ್ಮ ವಿಶ್ರಾಂತಿಯ ಖರ್ಚು ಇರುವುದಕ್ಕಿಂತ ಜಾಸ್ತಿ ಎಂದು ಬರಬಹುದು.