ಚಕ್ರ ಅಲ್ಲಾಡುತ್ತಿಲ್ಲ, ಆದರೂ ಗುಂಯ್ ಅನ್ನುತ್ತಿದೆ: ಬೇರಿಂಗ್ ಹೋಗಿದೆಯಾ?

ಓದುಗರ ಪ್ರಶ್ನೆ: ಸರ್, 40 ದಾಟಿದರೆ ಮುಂದಿನ ಚಕ್ರದ ಕಡೆಯಿಂದ ಗುಂಯ್ ಅಂತ ಶಬ್ದ ಬರುತ್ತದೆ. ವೇಗ ಏರಿದಂತೆ ಅದೂ ಏರುತ್ತದೆ. ಗ್ಯಾರೇಜಿನಲ್ಲಿ ಜಾಕ್ ಹಾಕಿ ಚಕ್ರ ಅಲ್ಲಾಡಿಸಿ ನೋಡಿದರು. ಪ್ಲೇ (ಸಡಿಲಾಗಿ ಅಲ್ಲಾಡುವುದು) ಇಲ್ಲ, ಬೇರಿಂಗ್ ಚೆನ್ನಾಗಿದೆ ಅಂದರು. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎರಡೂ ಆಯ್ತು. ಶಬ್ದ ಮಾತ್ರ ಹೋಗಿಲ್ಲ. ಏನಿರಬಹುದು?

ಉತ್ತರ: ಬೇರಿಂಗ್ ಇರಬಹುದು, ಟೈರ್ ಇರಬಹುದು. ಪ್ಲೇ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಬೇರಿಂಗನ್ನು ಬಿಟ್ಟುಬಿಡಬೇಡಿ. ಈ ಮಾತನ್ನು ಎಷ್ಟು ಸಲ ಬರೆದರೂ ಪ್ರಶ್ನೆ ಮತ್ತೆ ಬರುತ್ತಲೇ ಇದೆ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಇವತ್ತಿನ ಕಾರುಗಳ ಚಕ್ರದ ಬೇರಿಂಗ್ ಹೇಗಿರುತ್ತದೆ ನೋಡಿ. ಹೊರಗೊಂದು ಉಕ್ಕಿನ ಬಳೆ, ಒಳಗೊಂದು ಬಳೆ, ನಡುವೆ ಎರಡು ಸಾಲು ಗುಂಡುಗಳು. ಗ್ರೀಸ್ ತುಂಬಿ ಎರಡೂ ಕಡೆ ಸೀಲ್ ಮಾಡಿರುತ್ತಾರೆ. ಚಕ್ರದ ನಡುವಿನ ದೊಡ್ಡ ನಟ್, ಅಂದರೆ ಹಬ್ ನಟ್ ಬಿಗಿದಾಗ ಒಳಭಾಗ ಒತ್ತಿ ಕೂತು, ಅಲ್ಲಾಡಲು ಜಾಗವೇ ಉಳಿಯುವುದಿಲ್ಲ. ಇದು ಕೆಡುವುದು ಹೇಗೆ? ಸೀಲ್ ಸವೆದು ನೀರು, ಧೂಳು ಒಳಗೆ ಹೋಗುತ್ತದೆ. ಇಲ್ಲವೇ ಚಕ್ರ ಜೋರಾಗಿ ಗುಂಡಿಗೆ ಬಿದ್ದಾಗ ಗುಂಡುಗಳು ಬಳೆಯ ಮೇಲೆ ಸಣ್ಣ ತಗ್ಗು ಮಾಡುತ್ತವೆ. ವರ್ಷಗಟ್ಟಲೆ ಭಾರ ಹೊತ್ತ ಉಕ್ಕು ಸುಸ್ತಾಗಿ ಸಣ್ಣ ಚಕ್ಕೆ ಏಳುವುದೂ ಉಂಟು. ಆ ತಗ್ಗಿನ ಮೇಲೆ ಗುಂಡುಗಳು ಒಂದರ ಹಿಂದೊಂದು ಉರುಳುತ್ತವೆ. ಪ್ರತಿ ಸಲವೂ ಒಂದು ಸಣ್ಣ ಏಟು. ಸೆಕೆಂಡಿಗೆ ಹತ್ತಾರು ಏಟು ಬಿದ್ದರೆ ನಮ್ಮ ಕಿವಿಗೆ ಅದು ಗುಂಯ್ ಅಂತ ಕೇಳುತ್ತದೆ. ರಸ್ತೆಯಲ್ಲಿ ಒಂದು ಗುಂಡಿ ಬಿದ್ದರೂ ಗಾಡಿ ಕುಲುಕುತ್ತದೆ, ಅದಕ್ಕೆ ರಸ್ತೆಯೇ ಕೊಚ್ಚಿಹೋಗಿರಬೇಕಿಲ್ಲ, ಅಲ್ವಾ? ಪ್ಲೇ ಬರುವುದು ತುಂಬಾ ಆಮೇಲೆ, ಉಕ್ಕು ಸಾಕಷ್ಟು ಸವೆದ ಮೇಲೆ. ಅಂದರೆ ಶಬ್ದ ಮೊದಲು, ಪ್ಲೇ ಕೊನೆಗೆ. ಪ್ಲೇ ಬರಲಿ ಅಂತ ಕಾಯುವವರು ಬೇರಿಂಗ್ ಕೈಕೊಡುವ ಹಂತದವರೆಗೂ ಕಾಯುತ್ತಿದ್ದಾರೆ ಅಂತಲೇ ಅರ್ಥ.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಹಳೆಯ ಕಾರುಗಳಲ್ಲಿ ಟೇಪರ್ ರೋಲರ್ ಬೇರಿಂಗ್ ಇರುತ್ತಿತ್ತು, ಗುಂಡುಗಳ ಬದಲು ಒಂದು ತುದಿ ಸಣ್ಣಗಿರುವ ಉರುಳೆಗಳದ್ದು. ಲಾರಿಗಳಲ್ಲಿ ಈಗಲೂ ಇದೆ. ಅದರ ನಟ್ ಸಡಿಲವಾದರೆ ಚಕ್ರ ಅಲ್ಲಾಡುತ್ತದೆ, ಮತ್ತೆ ಬಿಗಿದು ಸರಿ ಮಾಡಬಹುದು. ಅಲ್ಲಿ ಚಕ್ರ ಅಲ್ಲಾಡಿಸಿ ನೋಡುವುದು ಸರಿಯಾದ ಪರೀಕ್ಷೆಯೇ. ಬೇರಿಂಗ್ ಬದಲಾಯಿತು, ಪರೀಕ್ಷೆ ಹಾಗೇ ಉಳಿದುಬಿಟ್ಟಿತು.

ಪ್ಲೇ ಕಂಡರೂ ಅದು ಬೇರಿಂಗಿನದ್ದೇ ಅಂತ ಹೇಳಲಾಗದು. ಚಕ್ರವನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಬಾಲ್ ಜಾಯಿಂಟ್, ಸ್ಟೇರಿಂಗಿಗೆ ಜೋಡಿಸುವ ಟೈ ರಾಡ್ ಸವೆದರೂ ಚಕ್ರ ಅಲ್ಲಾಡುತ್ತದೆ. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಅಲ್ಲಾಡಿಸಲಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಬೇರೆ ಕಡೆ ನೋಡಿ.

ಈಗ ನಿಮ್ಮ ಗುಂಯ್ ಶಬ್ದಕ್ಕೆ ಬರೋಣ. ಖಾಲಿ ರಸ್ತೆಯಲ್ಲಿ 60ರ ವೇಗದಲ್ಲಿ ಹೋಗುವಾಗ ಕ್ಲಚ್ ಒತ್ತಿ. ಎಂಜಿನ್ ವೇಗ ಇಳಿದರೂ ಶಬ್ದ ಹಾಗೇ ಇದ್ದರೆ ಅದು ಎಂಜಿನ್ನಿನದ್ದಲ್ಲ. ಎಂಜಿನ್ ಮಾತ್ರ ಆಫ್ ಮಾಡಬೇಡಿ. ಸ್ಟೇರಿಂಗ್ ಗಟ್ಟಿಯಾಗುತ್ತದೆ, ಬ್ರೇಕಿನ ಸಹಾಯವೂ ಹೋಗುತ್ತದೆ. ಆಮೇಲೆ ಸ್ಟೇರಿಂಗನ್ನು ನಿಧಾನವಾಗಿ ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ ತಿರುಗಿಸಿ. ಬಲಕ್ಕೆ ತಿರುಗಿದಾಗ ಭಾರ ಎಡಗಡೆ ಚಕ್ರಗಳ ಮೇಲೆ ಬೀಳುತ್ತದೆ. ಆಗ ಶಬ್ದ ಜಾಸ್ತಿಯಾಗಿ, ಎಡಕ್ಕೆ ತಿರುಗಿದಾಗ ಕಡಿಮೆಯಾದರೆ ಎಡಗಡೆ ಬೇರಿಂಗ್ ಮೇಲೆ ಅನುಮಾನ ಪಡಿ. ಹೆಚ್ಚಿನ ಸಲ ಇದು ಸರಿ ಬರುತ್ತದೆ.

ಟೈರಿನ ಶಬ್ದ ಹೀಗೆ ಬದಲಾಗುವುದು ಕಡಿಮೆ. ಅದು ರಸ್ತೆ ನೋಡಿ ಬದಲಾಗುತ್ತದೆ. ಒರಟು ಕಾಂಕ್ರೀಟಿನಿಂದ ನುಣುಪಾದ ಡಾಂಬರಿಗೆ ಬಂದ ತಕ್ಷಣ ಶಬ್ದ ಇಳಿದರೆ ಟೈರೇ ಇರಬಹುದು. ಟೈರಿನ ಮೇಲೆ ಅಂಗೈ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪಾಗಿದ್ದು ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಾಗಿದರೆ ಅಲೈನ್‌ಮೆಂಟ್ ತಪ್ಪಿ ಸವೆದಿದೆ. ಇನ್ನೂ ಅನುಮಾನವಿದ್ದರೆ ಮುಂದಿನ ಟೈರುಗಳನ್ನು ಅದೇ ಬದಿಯಲ್ಲಿ ಹಿಂದಕ್ಕೆ ಹಾಕಿಸಿ. ಶಬ್ದವೂ ಹಿಂದಕ್ಕೆ ಹೋಯಿತೋ, ಟೈರು. ಮುಂದೆಯೇ ಉಳಿಯಿತೋ, ಬೇರಿಂಗ್. ಅಂದಹಾಗೆ, ಈಗಾಗಲೇ ಹಾಗೆ ಸವೆದ ಟೈರು ಅಲೈನ್‌ಮೆಂಟ್ ಮಾಡಿಸಿದ ಮಾತ್ರಕ್ಕೆ ಸುಮ್ಮನಾಗುವುದಿಲ್ಲ. ಬ್ಯಾಲೆನ್ಸಿಂಗ್ ಇರುವುದು ಸ್ಟೇರಿಂಗ್ ನಡುಗುವುದಕ್ಕೆ, ಗುಂಯ್ ಶಬ್ದಕ್ಕಲ್ಲ.

ಗ್ಯಾರೇಜಿನಲ್ಲಿ ಮಾಡಬಹುದಾದ ಒಳ್ಳೆಯ ಪರೀಕ್ಷೆ ಇನ್ನೊಂದಿದೆ. ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಒಂದು ಕೈ ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಬೇಕು. ಕೆಟ್ಟ ಬೇರಿಂಗಿನ ಗರಗರ ಸ್ಪ್ರಿಂಗಿನಲ್ಲಿ ಕೈಗೆ ಗೊತ್ತಾಗುತ್ತದೆ. ಇದರಲ್ಲಿ ಏನೂ ಸಿಗಲಿಲ್ಲ ಅಂದರೂ ಬೇರಿಂಗಿಗೆ ಸರ್ಟಿಫಿಕೇಟ್ ಕೊಡಬೇಡಿ. ಎತ್ತಿದ ಚಕ್ರದ ಮೇಲೆ ಕಾರಿನ ಭಾರ ಇರುವುದಿಲ್ಲ.

ಬೇರೆ ಶಬ್ದಗಳ ಬಗ್ಗೆ ಚುಟುಕಾಗಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟಕ್ ಟಕ್ ಅಂದರೆ ಆಕ್ಸಲ್ ಜಾಯಿಂಟ್, ಅದರ ರಬ್ಬರ್ ಬೂಟ್ ಹರಿದಿದೆಯಾ ನೋಡಿ. ಕೀಂಯ್ ಅಂದರೆ ಬ್ರೇಕ್ ಪ್ಯಾಡ್ ಮುಗಿಯುತ್ತಾ ಬಂದಿರಬಹುದು. ಬ್ರೇಕ್ ಒತ್ತಿದಾಗ ಲೋಹ ಉಜ್ಜುವ ಶಬ್ದ ಬಂದರೆ ಪ್ಯಾಡ್ ಮುಗಿದೇಹೋಗಿದೆ. ನಿಧಾನಕ್ಕೆ ಹೋಗುವಾಗ ಸುತ್ತಿಗೊಂದು ಟಿಕ್ ಕೇಳಿದರೆ ಟೈರಿನಲ್ಲಿ ಕಲ್ಲೋ ಮೊಳೆಯೋ ಸಿಕ್ಕಿದೆ. ಚಕ್ರ ಬಿಚ್ಚಿ ಹಾಕಿದ ಮೇಲೆ ಲೊಡಲೊಡ ಅಂದರೆ ಅಲ್ಲೇ ನಿಲ್ಲಿಸಿ ನಟ್ ನೋಡಿ. ಇದಕ್ಕೆ ಮನೆವರೆಗೆ ಕಾಯುವಂತಿಲ್ಲ.

ಯಾರೂ ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ಹೊಸ ಬೇರಿಂಗ್ ಹಾಕಿಸಿದ ಸ್ವಲ್ಪ ದಿನಕ್ಕೇ ಮತ್ತೆ ಗುಂಯ್ ಶುರುವಾದರೆ ಎಲ್ಲರೂ ಮಾಲು ಸರಿಯಿಲ್ಲ ಅನ್ನುತ್ತಾರೆ. ಎಷ್ಟೋ ಸಲ ಕೆಟ್ಟಿರುವುದು ಕೂರಿಸಿದ ರೀತಿ. ಒತ್ತಿ ಕೂರಿಸುವ ಬೇರಿಂಗನ್ನು, ಅದನ್ನು ಹಿಡಿದಿಡುವ ಲೋಹದ ಭಾಗವಾದ ನಕಲ್‌ಗೆ ಹಾಕುವಾಗ ಹೊರಬಳೆಯ ಮೇಲೆ ಮಾತ್ರ ಒತ್ತಬೇಕು. ಒಳಬಳೆಯ ಮೇಲೆ ಒತ್ತಿದರೆ ಅಷ್ಟೂ ಬಲ ಗುಂಡುಗಳ ಮೂಲಕ ಹೋಗಿ, ಕಾರು ಓಡುವ ಮೊದಲೇ ಬಳೆಯಲ್ಲಿ ತಗ್ಗು ಬೀಳುತ್ತದೆ. ಸುತ್ತಿಗೆಯಿಂದ ಬಡಿದರಂತೂ ಕೇಳುವುದೇ ಬೇಡ. ಹಬ್ ನಟ್ ಅನ್ನು ಅಂದಾಜಿನಲ್ಲಿ ಬಿಗಿಯದೆ, ಆ ಕಾರಿಗೆ ಹೇಳಿರುವ ಲೆಕ್ಕಕ್ಕೆ, ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲೇ ಬಿಗಿಯಬೇಕು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರುಗಳಲ್ಲಿ ಕೆಲವು ಬೇರಿಂಗಿನ ಒಂದು ಬದಿಯ ಸೀಲ್‌ನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಆ ಬದಿ ಚಕ್ರದ ವೇಗ ಅಳೆಯುವ ಸೆನ್ಸರ್ ಕಡೆಗೆ ಬರಬೇಕು. ತಿರುಗಿಸಿ ಹಾಕಿದರೆ ಎಬಿಎಸ್ ದೀಪ ಹೊತ್ತಿಕೊಳ್ಳುತ್ತದೆ, ಬೇರಿಂಗನ್ನು ಮತ್ತೆ ಬಿಚ್ಚಬೇಕಾಗುತ್ತದೆ. ಹೀಗೆ ಬಿಚ್ಚಿದ ಬೇರಿಂಗನ್ನೇ ಮತ್ತೆ ಹಾಕಲು ಬಿಡಬೇಡಿ, ಹೊಸದನ್ನೇ ಕೇಳಿ.