ಲವಣತೆ: ನೂರಕ್ಕಲ್ಲ, ಸಾವಿರಕ್ಕೆ

ಧಾರವಾಡದ ಸಪ್ತಾಪುರದ ಝೆರಾಕ್ಸ್ ಅಂಗಡಿಯೊಂದರಲ್ಲಿ ಸರದಿಗಾಗಿ ನಿಂತಿದ್ದಾಗ, ಯಂತ್ರದಿಂದ ಬೆಚ್ಚಗೆ ಹೊರಬೀಳುತ್ತಿದ್ದ ಭೂಗೋಳದ ನೋಟ್ಸಿನ ಮೇಲೆ ಕಣ್ಣು ಹೋಯಿತು. ‘ಸಾಗರದ ನೀರಿನ ಸರಾಸರಿ ಲವಣತೆ ಶೇ. 35’ ಎಂದಿತ್ತು. ಅಡಿಗೆರೆ ಎಳೆದು ಪಕ್ಕದಲ್ಲಿ ನಕ್ಷತ್ರ ಹಾಕಿದ್ದರು. ಪರೀಕ್ಷೆಗೆ ಬರುವ ಸಾಲು ಎಂದು ಅದರ ಅರ್ಥ. ನಲವತ್ತು ಪ್ರತಿ ತೆಗೆಯುತ್ತಿದ್ದರು. ಕರಡು ತಿದ್ದುವುದು ನನ್ನ ಕೆಲಸ. ಇದೇ ಸಾಲನ್ನು ಈ ವರ್ಷದಲ್ಲೇ ಮೂರು ಕಡೆ ಹೊಡೆದುಹಾಕಿ ಸರಿಪಡಿಸಿದ್ದೇನೆ. ಇದು ನಾಲ್ಕನೆಯದು, ಅದೂ ನನ್ನ ಕೈಗೆ ಬಾರದೆ ನೇರವಾಗಿ ನಲವತ್ತು ಮಂದಿಯ ಕೈ ಸೇರುವಂಥದ್ದು. ಇನ್ನು ಸುಮ್ಮನಿರುವುದು ಸರಿಯಲ್ಲ.

ಲೆಕ್ಕ ಸಾವಿರಕ್ಕೆ 35. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 965 ಗ್ರಾಂ ನೀರು, 35 ಗ್ರಾಂ ಕರಗಿದ ಲವಣ. ಶೇಕಡಾದಲ್ಲೇ ಹೇಳಬೇಕೆಂದರೆ ಶೇ. 3.5. ಹತ್ತು ಪಟ್ಟಿನ ತಪ್ಪು ಸಣ್ಣ ತಪ್ಪಲ್ಲ. ಶೇ. 35 ಎಂದು ಬರೆಯುವವರು ಅಂಥ ನೀರನ್ನು ಒಮ್ಮೆ ಮಾಡಿ ನೋಡಬೇಕು. ನಾನು ಮಾಡಿ ನೋಡಿದ್ದೇನೆ. ಸ್ಟೀಲ್ ಪಾತ್ರೆಯಲ್ಲಿ 650 ಗ್ರಾಂ ನೀರು ತೂಗಿಕೊಂಡು, 350 ಗ್ರಾಂ ಪುಡಿ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ ಕದಡಿದೆ. ಮೂರರಲ್ಲಿ ಎರಡು ಪಾಲು ಉಪ್ಪು ಹೋಗುವವರೆಗೆ ಚಮಚ ಸಲೀಸಾಗಿ ತಿರುಗಿತು. ಆಮೇಲೆ ತಳದಲ್ಲಿ ಮರಳು ಕೆರೆದಂಥ ಸದ್ದು ಶುರುವಾಯಿತು. ಎಷ್ಟು ತಿರುವಿದರೂ ನಿಲ್ಲಲಿಲ್ಲ. ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ನೋಡಿದರೆ, ತಿಳಿಯಾದ ನೀರಿನ ಕೆಳಗೆ ಒಂದು ಬೆರಳು ದಪ್ಪದ ಬಿಳಿಯ ಪದರ ಹಾಗೆಯೇ ಕುಳಿತಿತ್ತು. 100 ಗ್ರಾಂ ನೀರು ಸುಮಾರು 36 ಗ್ರಾಂ ಅಡುಗೆ ಉಪ್ಪನ್ನಷ್ಟೇ ಕರಗಿಸಿಕೊಳ್ಳಬಲ್ಲದು. ದ್ರಾವಣದ ಒಟ್ಟು ತೂಕಕ್ಕೆ ಹೋಲಿಸಿದರೆ ಅದು ಶೇ. 26ರ ಆಸುಪಾಸು. ಅಲ್ಲಿಗೆ ನೀರಿನ ಶಕ್ತಿ ಮುಗಿಯಿತು. ನೋಟ್ಸಿನ ಮಾತು ನಿಜವಾಗಿದ್ದರೆ ಗೋಕರ್ಣದ ಕಡಲ ತಳದಲ್ಲಿ ಉಪ್ಪಿನ ದಿಬ್ಬಗಳು ಬಿದ್ದಿರಬೇಕಿತ್ತು.

ಶೇ. 35ರ ಹತ್ತಿರಕ್ಕೆ ಬರುವುದು ಮೃತ ಸಮುದ್ರ, ಸುಮಾರು ಶೇ. 34. ಅಲ್ಲಿ ಮೆಗ್ನೀಸಿಯಂ ಕ್ಲೋರೈಡ್‌ನ ಪಾಲು ಹೆಚ್ಚಿರುವುದರಿಂದ ಅಷ್ಟು ಕರಗಿ ನಿಲ್ಲುತ್ತದೆ. ‘ಅತಿ ಹೆಚ್ಚು ಲವಣತೆಯ ಸಮುದ್ರ ಯಾವುದು’ ಎಂಬ ಪ್ರಶ್ನೆಗೆ ಅದನ್ನೇ ಉತ್ತರವಾಗಿ ಕಲಿಸುವುದೂ ತಪ್ಪು. ಹೆಸರು ಸಮುದ್ರವಾದರೂ ಅದು ಸರೋವರ. ಸಾಗರಕ್ಕೆ ಕೂಡಿಕೊಂಡಿರುವ ಸಮುದ್ರಗಳಲ್ಲಿ ಕೆಂಪು ಸಮುದ್ರ, ಪರ್ಷಿಯನ್ ಕೊಲ್ಲಿಗಳು ಸಾವಿರಕ್ಕೆ 40ರ ಸುತ್ತಮುತ್ತ ಇವೆ. ಬಾಲ್ಟಿಕ್‌ನ ಮೇಲ್ನೀರು 7–8ಕ್ಕೆ ಇಳಿಯುತ್ತದೆ. ತೆರೆದ ಸಾಗರ ಹೆಚ್ಚಾಗಿ 33ರಿಂದ 37ರ ನಡುವೆಯೇ ಇರುತ್ತದೆ.

ತಪ್ಪಿನ ಮೂಲ ಒಂದು ಸೊನ್ನೆ. ಸಾವಿರಕ್ಕೆ ಇಷ್ಟು ಎಂದು ಹೇಳಲು ‰ ಎಂಬ ಚಿಹ್ನೆ ಇದೆ. ಶೇಕಡಾ ಚಿಹ್ನೆಗಿಂತ ಕೆಳಗೆ ಒಂದು ಸೊನ್ನೆ ಹೆಚ್ಚು. ಅಕ್ಷರ ಜೋಡಿಸುವಾಗ ಆ ಸೊನ್ನೆ ಬಿದ್ದುಹೋದರೆ % ಆಗುತ್ತದೆ, ಮುಂದಿನವರು ಅದನ್ನು ‘ಶೇ.’ ಎಂದು ಕನ್ನಡಕ್ಕೆ ತಿರುಗಿಸುತ್ತಾರೆ, ಅದರ ಮುಂದಿನವರು ಅಡಿಗೆರೆ ಎಳೆಯುತ್ತಾರೆ. ಚಿಹ್ನೆಯ ಗೊಡವೆಯೇ ಬೇಡ. ‘ಸಾವಿರಕ್ಕೆ 35’ ಎಂದು ಬರೆದರೆ ಯಾರೂ ಕೆಡಿಸಲಾರರು. ಬಡ್ಡಿಯನ್ನೂ ಪೇಟೆಯ ದಲಾಲಿಯನ್ನೂ ನೂರಕ್ಕೆ ಇಷ್ಟು, ಸಾವಿರಕ್ಕೆ ಇಷ್ಟು ಎಂದೇ ಎಣಿಸಿ ಬಂದ ಜನ ನಾವು.

ಇನ್ನು ಪದಕ್ಕೆ ಬರೋಣ. ಉಪ್ಪು ನಮ್ಮದೇ ಮಾತು. ತಮಿಳು, ತೆಲುಗು, ತುಳು, ಮಲಯಾಳಗಳಲ್ಲೂ ಅದು ಉಪ್ಪೇ. ಉಪ್ಪಿಟ್ಟಿನಲ್ಲಿ, ಉಪ್ಪಿನಕಾಯಿಯಲ್ಲಿ, ಧಾರವಾಡದ ಮಗ್ಗುಲಿನ ಉಪ್ಪಿನಬೆಟಗೇರಿಯಲ್ಲಿ ಇರುವುದು ಇದೇ. ಲವಣ ಸಂಸ್ಕೃತದ್ದು. ಅಲ್ಲಿ ಅದು ಉಪ್ಪು ಎಂಬ ವಸ್ತುವಿಗೂ ಹೆಸರು, ಉಪ್ಪಾದ ಎಂಬ ಗುಣಕ್ಕೂ ಹೆಸರು. ಆರು ರಸಗಳಲ್ಲಿ ಲವಣ ಒಂದು. ಜಂಬೂದ್ವೀಪವನ್ನು ಸುತ್ತಿಕೊಂಡಿರುವುದು ಲವಣಸಮುದ್ರ ಎಂದು ಪುರಾಣಗಳು ಹೇಳುತ್ತವೆ. ಅದರಾಚೆಗೆ ಕಬ್ಬಿನ ಹಾಲು, ಹೆಂಡ, ತುಪ್ಪ, ಮೊಸರು, ಹಾಲುಗಳ ಕಡಲುಗಳು. ಸಿಂಧು ದೇಶದಿಂದ ಬಂದ ಕಲ್ಲುಪ್ಪು ಸೈಂಧವ ಲವಣ. ಇದೇ ಲವಣದಿಂದ ಹುಟ್ಟಿದ ಇನ್ನೊಂದು ಪದವನ್ನು ನಾವು ದಿನವೂ ಬಳಸುತ್ತೇವೆ, ಉಪ್ಪಿನ ನೆನಪೇ ಬರುವುದಿಲ್ಲ: ಲಾವಣ್ಯ. ಮಧುರದಿಂದ ಮಾಧುರ್ಯ, ಸುಂದರದಿಂದ ಸೌಂದರ್ಯ ಆದಂತೆಯೇ ಲವಣದಿಂದ ಲಾವಣ್ಯ. ಅಕ್ಷರಶಃ ಹೇಳಿದರೆ ಉಪ್ಪುತನ. ಉಪ್ಪಿಲ್ಲದ ಸಾರು ಸಪ್ಪೆಯಾದಂತೆ, ಅವಯವಗಳೆಲ್ಲ ಸರಿಯಾಗಿದ್ದೂ ಏನೋ ಒಂದು ಇಲ್ಲದಿದ್ದರೆ ರೂಪ ಸಪ್ಪೆ. ಆ ‘ಏನೋ ಒಂದು’ ಲಾವಣ್ಯ. ಮುತ್ತಿನೊಳಗೆ ಹೊಳಪು ತುಳುಕಾಡುವಂತೆ ಮೈಯಲ್ಲಿ ಕಾಣುವ ಕಾಂತಿ ಎಂದು ಹಳೆಯ ಆಲಂಕಾರಿಕರು ಅದನ್ನು ವಿವರಿಸಿದ್ದಾರೆ. ಕಡಲಿನ ಉಪ್ಪಿಗೆ ಕಡಲಿನ ಮುತ್ತನ್ನೇ ಹೋಲಿಕೆಯಾಗಿ ತಂದಿರುವುದು ನನಗೆ ಬಹಳ ಇಷ್ಟ.

ಲಾವಣ್ಯದ ಬಾಗಿಲು ಕಾವ್ಯದ ಕಡೆಗೆ ತೆರೆದರೆ ಲವಣತೆಯದು ವಿಜ್ಞಾನದ ಕಡೆಗೆ. ಇಲ್ಲಿ ‘ತೆ’ ಭಾವವನ್ನು ಹೇಳುವ ಪ್ರತ್ಯಯ. ಮಾನವತೆ, ಸಮಾನತೆಗಳಲ್ಲಿ ಇರುವುದೇ. ಹಾಗಾಗಿ ಲವಣತೆ ಎಂಬುದು ವಸ್ತುವಲ್ಲ, ಅಳತೆಗೆ ಸಿಗುವ ಒಂದು ಗುಣ. ‘ನೀರಿನಲ್ಲಿ ಲವಣತೆ ಕರಗಿದೆ’ ಎಂದು ಬರೆಯುವಂತಿಲ್ಲ. ಕರಗುವುದು ಲವಣ, ಎಷ್ಟು ಕರಗಿದೆ ಎಂಬ ಲೆಕ್ಕ ಲವಣತೆ. ‘ಲವಣ ಸಾಂದ್ರತೆ’ ಎನ್ನುವುದನ್ನು ಇದಕ್ಕೆ ಬದಲಾಗಿ ಬಳಸುವವರಿದ್ದಾರೆ. ದಯವಿಟ್ಟು ಬೇಡ. ಸಾಂದ್ರತೆ ಎಂಬ ಮಾತನ್ನು ದ್ರಾವಣ ಎಷ್ಟು ಗಟ್ಟಿ ಎನ್ನುವುದಕ್ಕೂ, ಒಂದು ಘನ ಮೀಟರಿನ ತೂಕ ಎಷ್ಟು ಎನ್ನುವುದಕ್ಕೂ ಹಾಕಿ ಈಗಾಗಲೇ ಸಾಕಷ್ಟು ಗೊಂದಲ ಮಾಡಿದ್ದೇವೆ. ಸಮುದ್ರದ ವಿಷಯದಲ್ಲಿ ಎರಡೂ ಬೇಕು: ಸಾವಿರಕ್ಕೆ 35ರ ನೀರಿನ ಘನ ಮೀಟರ್ ತೂಕ ಸುಮಾರು 1,025 ಕಿಲೋ. ಸಿಹಿನೀರು 4 ಡಿಗ್ರಿಯಲ್ಲಿ ಅತಿ ಭಾರ ಎಂದು ನಾವು ಶಾಲೆಯಲ್ಲಿ ಕಲಿತ ನಿಯಮವೂ ಇಲ್ಲಿ ನಡೆಯುವುದಿಲ್ಲ. ಲವಣತೆ 24.7 ದಾಟಿದ ನೀರು ಹೆಪ್ಪುಗಟ್ಟುವವರೆಗೂ ಭಾರವಾಗುತ್ತಲೇ ಹೋಗುತ್ತದೆ. ಹೆಪ್ಪುಗಟ್ಟುವುದು, 35ರಲ್ಲಿ, ಸೊನ್ನೆಗಿಂತ 1.9 ಡಿಗ್ರಿ ಕೆಳಗೆ.

ವಿಜ್ಞಾನದ ಮಾತಿನಲ್ಲಿ ಉಪ್ಪು ಬೇರೆ, ಲವಣ ಬೇರೆ ಎಂಬುದನ್ನು ಕಣ್ಣಾರೆ ನೋಡಬೇಕಾದರೆ ಅಂಕೋಲಾ ರಸ್ತೆ ಹಿಡಿದು ಇಳಿದು ಗೋಕರ್ಣದ ಹತ್ತಿರದ ಸಾಣಿಕಟ್ಟಾಕ್ಕೆ ಹೋಗಬೇಕು. ಅಲ್ಲಿ ಗದ್ದೆಗಳಲ್ಲಿ ಉಪ್ಪು ಬೆಳೆಯುತ್ತಾರೆ. ಸಮುದ್ರದ ನೀರು ಬಿಸಿಲಿಗೆ ಇಂಗುತ್ತ ಹೋದಂತೆ ಅದರಲ್ಲಿರುವುದೆಲ್ಲ ಒಟ್ಟಿಗೆ ಹರಳಾಗುವುದಿಲ್ಲ. ಮೊದಲು ಒಂದಿಷ್ಟು ಸುಣ್ಣ, ಆಮೇಲೆ ಜಿಪ್ಸಂ ತಳ ಸೇರುತ್ತವೆ. ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿದ ಮೇಲಷ್ಟೇ ನಮ್ಮ ಅಡುಗೆಯ ಉಪ್ಪು ಹರಳುಗಟ್ಟುತ್ತದೆ. ಕೊನೆಗೆ ಉಳಿಯುವ ಕಹಿ ನೀರಿನಲ್ಲಿ ಮೆಗ್ನೀಸಿಯಂ ಲವಣಗಳು ತುಂಬಿರುತ್ತವೆ. ಕಡಲ ನೀರು ಬಾಯಿಗೆ ಬಿದ್ದಾಗ ಉಪ್ಪಿನ ಹಿಂದೆ ಒಂದು ಕಹಿ ತಾಗುವುದು ಅದರಿಂದಲೇ. ಲವಣತೆ ಇವೆಲ್ಲವನ್ನೂ ಸೇರಿಸಿದ ಲೆಕ್ಕ. ಆ 35 ಗ್ರಾಮಿನಲ್ಲಿ ಶೇ. 55ರಷ್ಟು ಕ್ಲೋರೈಡ್, ಶೇ. 30ಕ್ಕೆ ಸ್ವಲ್ಪ ಮೇಲೆ ಸೋಡಿಯಂ. ಉಳಿದದ್ದರಲ್ಲಿ ಹೆಚ್ಚಿನದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ. ಈ ಆರೇ ಸೇರಿ ಶೇ. 99ನ್ನು ದಾಟುತ್ತವೆ.

ಈ ಪಾಲುಗಳು ತೆರೆದ ಸಾಗರದಲ್ಲಿ ಎಲ್ಲಿ ಮೊಗೆದರೂ ಹೆಚ್ಚುಕಡಿಮೆ ಒಂದೇ. ಬ್ರಿಟನ್ನಿನ ಸಂಶೋಧನಾ ಹಡಗು ‘ಚಾಲೆಂಜರ್’ 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿ ತಂದ 77 ಮಾದರಿಗಳನ್ನು ರಸಾಯನಶಾಸ್ತ್ರಜ್ಞ ವಿಲಿಯಂ ಡಿಟ್ಮಾರ್ ಒಂದೊಂದಾಗಿ ವಿಶ್ಲೇಷಿಸಿ, 1884ರಲ್ಲಿ ಇದನ್ನು ಗಟ್ಟಿ ಮಾಡಿದರು. ಒಟ್ಟು ಲವಣ ಹೆಚ್ಚಬಹುದು, ಕಡಿಮೆಯಾಗಬಹುದು. ಒಳಗಿನ ಪಾಲು ಬದಲಾಗದು. ಲವಣತೆಯನ್ನು ಒಂದೇ ಅಂಕಿಯಲ್ಲಿ ಹೇಳಲು ಸಾಧ್ಯವಾಗಿರುವುದು ಇದರಿಂದ. ಒಂದನ್ನು ಅಳೆದರೆ ಎಲ್ಲವನ್ನೂ ಅಳೆದಂತೆ. ಮೊದಲು ಕ್ಲೋರೈಡನ್ನು ಅಳೆದು 1.80655ರಿಂದ ಗುಣಿಸುತ್ತಿದ್ದರು. 1978ರಿಂದ ವಿದ್ಯುತ್ ಹರಿಯುವ ಸಲೀಸನ್ನು ಅಳೆದು, ಗೊತ್ತಾದ ಒಂದು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದೊಂದಿಗೆ ಹೋಲಿಸುತ್ತಾರೆ. ಹೀಗೆ ಬಂದ ಅಂಕಿ ಬರೀ ಅನುಪಾತವಾದ್ದರಿಂದ ಅದಕ್ಕೆ ಏಕಮಾನವೇ ಇಲ್ಲ. ವೈಜ್ಞಾನಿಕ ಬರಹಗಳಲ್ಲಿ ‘ಲವಣತೆ 35’ ಎಂದಷ್ಟೇ ಕಂಡರೆ ಚಿಹ್ನೆ ಬಿಟ್ಟುಹೋಗಿದೆ ಎಂದುಕೊಂಡು ‘ಶೇ.’ ಸೇರಿಸುವ ಉಪಕಾರ ಯಾರೂ ಮಾಡಬಾರದು.

ಮನೆಗೆ ನೀರು ಶುದ್ಧಿಯ ಯಂತ್ರ ಹಾಕಲು ಬರುವವರು ಲೋಟದಲ್ಲಿ ಅದ್ದುವ ಟಿಡಿಎಸ್ (ಕರಗಿದ ಒಟ್ಟು ಘನವಸ್ತು) ಅಳೆಯುವ ಕಡ್ಡಿಯೂ ಇದೇ ವಿದ್ಯುತ್ತಿನ ತತ್ತ್ವದ್ದು. ಕುಡಿಯುವ ನೀರಿಗೆ ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ. ಸಮುದ್ರದ್ದು ಸುಮಾರು 35,000. ಇಲ್ಲಿ ಗದಗ ಸೀಮೆಯವರು ಗಮನಿಸಬೇಕಾದ ಮಾತೊಂದಿದೆ. ಮುಂಡರಗಿ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಸಮಸ್ಯೆಯನ್ನು ವರದಿಗಳು ಆಗಾಗ ‘ಲವಣತೆ ಹೆಚ್ಚಾಗಿದೆ’ ಎಂದು ಬರೆಯುತ್ತವೆ. ಫ್ಲೋರೈಡಿನ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಸಮುದ್ರದ ನೀರಿನಲ್ಲೇ ಅದು ಲೀಟರಿಗೆ ಸುಮಾರು 1.3 ಮಿಲಿಗ್ರಾಂ ಇದೆ! ಮಿತಿ ದಾಟಿದ ಬಾವಿಯ ನೀರಿನಲ್ಲಿ ಕಡಲಿಗಿಂತ ಹೆಚ್ಚು ಫ್ಲೋರೈಡ್ ಇರುತ್ತದೆ, ಆದರೂ ಅದು ನಾಲಿಗೆಗೆ ಉಪ್ಪೆನಿಸುವುದಿಲ್ಲ. ಉಪ್ಪೆನಿಸದ್ದರಿಂದಲೇ ಜನ ವರ್ಷಗಟ್ಟಲೆ ಕುಡಿಯುತ್ತಾರೆ, ಹಲ್ಲು, ಮೂಳೆ ಕೆಡಿಸಿಕೊಳ್ಳುತ್ತಾರೆ. ಅದನ್ನು ಲವಣತೆ ಎಂದು ಕರೆದರೆ ‘ನಮ್ಮ ನೀರು ಸಿಹಿಯಾಗಿದೆಯಲ್ಲ, ನಮಗೇನು’ ಎಂದು ಅವರು ನಿಶ್ಚಿಂತರಾಗುತ್ತಾರೆ. ಪದದ ತಪ್ಪು ಮೈಗೆ ತಟ್ಟುವ ಜಾಗ ಇದು.

ಹೊಲದ ವಿಷಯಕ್ಕೆ ನಮ್ಮಲ್ಲಿ ಸವಳು ಎಂಬ ಗಟ್ಟಿ ಮಾತಿದೆ. ಮಲಪ್ರಭೆಯ ಕಾಲುವೆ ನೀರು ಹರಿದ ನವಲಗುಂದ, ನರಗುಂದದ ಎರೆ ಹೊಲಗಳಲ್ಲಿ ಸವಳು, ಜವಳು ಜೋಡಿಯಾಗಿಯೇ ಬರುತ್ತವೆ: ನೀರು ನಿಂತು ಜೌಗಾದದ್ದು ಜವಳು, ಕೆಳಗಿನ ಲವಣ ಮೇಲೆದ್ದು ಬಿಳಿಯ ಹೊಟ್ಟಿನಂತೆ ಮುಸುಕಿದ್ದು ಸವಳು. ‘ಮಣ್ಣಿನ ಲವಣತೆ’ ಎಂದು ಬರೆಯುವ ಕೃಷಿ ಲೇಖಕರು ಒಮ್ಮೆಯಾದರೂ ಸವಳು ಎಂದು ಹೇಳಲಿ. ರೈತರಿಗೆ ಬೇಗ ತಲುಪುತ್ತದೆ. ಆದರೆ ಹಿಂದಿಯ ‘ಖಾರಾ’ ನೋಡಿ ‘ಕ್ಷಾರ ನೀರು’ ಎಂದು ಅನುವಾದಿಸುವುದು ಬೇಡ. ಕ್ಷಾರ ಎಂದರೆ ಆಮ್ಲಕ್ಕೆ ಎದುರಾದದ್ದು, ಅದರ ಅಳತೆಯೇ ಬೇರೆ.

ಮಳೆಗಾಲದಲ್ಲಿ ಬೆಣ್ಣಿಹಳ್ಳ ತುಂಬಿ ಬಂದಾಗಿನ ರಾಡಿ ನೀರೂ ಲವಣತೆಯ ಲೆಕ್ಕಕ್ಕೆ ಸೇರದು. ರಾಡಿ ತೇಲಿಕೊಂಡು ಬಂದ ಮಣ್ಣು, ಬಿಟ್ಟರೆ ತಳಕ್ಕೆ ಕೂರುತ್ತದೆ. ಲವಣ ಕರಗಿದ್ದು, ಎಷ್ಟು ದಿನ ಬಿಟ್ಟರೂ ಕೂರುವುದಿಲ್ಲ. ಸಮುದ್ರ ಸೇರಿದ ಮೇಲೆ ಎರಡರ ದಾರಿಯೂ ಬೇರೆ. ಮಣ್ಣು ತಳದ ನಿಕ್ಷೇಪವಾಗುತ್ತದೆ. ಗಂಗೆ, ಬ್ರಹ್ಮಪುತ್ರೆಗಳು ಹೀಗೆ ಸುರಿದ ಮಣ್ಣು ಬಂಗಾಳ ಕೊಲ್ಲಿಯ ತಳದಲ್ಲಿ ಸುಮಾರು 3,000 ಕಿಲೋಮೀಟರ್ ಉದ್ದಕ್ಕೆ ಬೀಸಣಿಗೆಯಂತೆ ಹರಡಿದೆ. ಕರಗಿದ ಕ್ಯಾಲ್ಸಿಯಂ ಅನ್ನು ಸೂಕ್ಷ್ಮಜೀವಿಗಳು ಚಿಪ್ಪಿಗಾಗಿ ಎತ್ತಿಕೊಳ್ಳುತ್ತವೆ. ಅವು ಸತ್ತಾಗ ಅದೂ ಕೆಸರಾಗಿ ತಳ ಸೇರುತ್ತದೆ. ಸೋಡಿಯಂ, ಕ್ಲೋರೈಡ್‌ಗಳನ್ನು ಹಾಗೆ ಎತ್ತಿಕೊಳ್ಳುವವರು ಕಡಿಮೆ. ನದಿಯ ನೀರಿನಲ್ಲಿ ಕ್ಯಾಲ್ಸಿಯಂ ಮುಂದಿದ್ದೂ ಸಮುದ್ರದಲ್ಲಿ ಸೋಡಿಯಂ ಮುಂದಾಗಿರುವುದು ಹೀಗೆ.

ಧಾರವಾಡದ ನೆಲಕ್ಕೆ ಈ ವಿಷಯದಲ್ಲಿ ಒಂದು ಅಪರೂಪದ ಜಾಗವಿದೆ. ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಗೆ ಕೂಡಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತಾಳೆ. ಊರಿನ ಇನ್ನೊಂದು ಮಗ್ಗುಲಿಗೆ ಬಿದ್ದ ಮಳೆ ತುಪ್ಪರಿಹಳ್ಳ, ಬೆಣ್ಣಿಹಳ್ಳಗಳ ದಾರಿಯಲ್ಲಿ ಮಲಪ್ರಭೆಗೆ, ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಊರಿನ ನೀರು ಎರಡು ಕಡಲಿಗೆ, ಅದೂ ಲವಣತೆಯಲ್ಲಿ ಒಂದನ್ನೊಂದು ಹೋಲದ ಎರಡು ಕಡಲಿಗೆ. ಅರಬ್ಬಿ ಸಮುದ್ರದಲ್ಲಿ ಬರುವ ನೀರಿಗಿಂತ ಆವಿಯಾಗುವ ನೀರು ಹೆಚ್ಚು. ತೆರೆದ ಭಾಗದಲ್ಲಿ ಲವಣತೆ ಸುಮಾರು 36. ಬಂಗಾಳ ಕೊಲ್ಲಿಗೆ ದೊಡ್ಡ ನದಿಗಳ ನೀರೂ ಮಳೆಯೂ ಸುರಿಯುವುದರಿಂದ ಮಳೆಗಾಲದ ಬೆನ್ನಿಗೆ ಅದರ ಉತ್ತರ ತುದಿಯಲ್ಲಿ 30ಕ್ಕಿಂತ ಕೆಳಗೆ ಇಳಿಯುತ್ತದೆ. ಆ ಹಗುರ ನೀರು ಮೇಲೆ ಹಾಸಿಕೊಂಡು ಕೆಳಗಿನ ತಣ್ಣೀರು ಬೆರೆಯದಂತೆ ತಡೆಯುತ್ತದೆ. ಮೇಲ್ಮೈ ಬೆಚ್ಚಗೆ ಉಳಿಯುತ್ತದೆ, ಆ ಬಿಸಿ ಚಂಡಮಾರುತಗಳಿಗೆ ಒದಗುತ್ತದೆ. ಚಳಿಗಾಲದ ಪ್ರವಾಹ ಅದರಲ್ಲಿ ಒಂದಿಷ್ಟು ನೀರನ್ನು ಶ್ರೀಲಂಕಾವನ್ನು ಬಳಸಿ ಕೇರಳದ ಕರಾವಳಿಯ ಕಡೆಗೆ, ಅರಬ್ಬಿ ಸಮುದ್ರದೊಳಕ್ಕೆ ತರುತ್ತದೆ. ಹಡಗಿನವರು ಅದನ್ನು ಬಣ್ಣದಿಂದ ಗುರುತಿಸಲಾರರು, ರುಚಿಯಿಂದಲೂ ಆಗದು. 36ರ ನಡುವೆ 34ರ ನೀರು ಕಂಡಾಗ ಅದು ಕೊಲ್ಲಿಯಿಂದ ಬಂದದ್ದೆಂದು ಹೇಳುವುದು ಲವಣತೆಯ ಅಂಕಿ.